ಸ್ಕರ್ಟ್, ಡ್ರೆಸ್ ಜೊತೆ ಮಿಡ್ ಬೂಟ್ಸ್ ಹಾಕೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಮೀನಖಂಡದ ಅರ್ಧಕ್ಕೆ ನಿಲ್ಲೋ ಬೂಟ್ಸ್ ಬಗ್ಗೆ ನಮ್ಮವರಿಗೆ ಎಷ್ಟು ಆಸೆ ಇದೆಯೋ ಅಷ್ಟೇ ಹೆದರಿಕೇನೂ ಇದೆ. ನನಗೆ ಬರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ನಾನು ಕುಳ್ಳಿ, ನಂಗೆ ಒಪ್ಪತ್ತಾ", "ನನ್ನ ಕಾಲು ದಪ್ಪ, ಆಗತ್ತಾ", "ನಂಗೆ ವಯಸ್ಸಾಯ್ತು, ಜನ ಏನಂತಾರೆ" ಅನ್ನೋ ಥರದ್ದೇ. ಮೊದಲೇ ಹೇಳಿಬಿಡ್ತೀನಿ, ಇಂಥ ಬೂಟ್ಸ್ ಸರಿ ಕಾಣದೆ ಹೋದಾಗ ಬಹುತೇಕ ಕಾರಣ ಒಂದೇ, ಸ್ಕರ್ಟ್ ಎಲ್ಲಿ ಮುಗಿಯತ್ತೆ, ಬೂಟ್ ಎಲ್ಲಿ ಶುರುವಾಗತ್ತೆ ಅನ್ನೋ ಲೆಕ್ಕ ತಪ್ಪಿರತ್ತೆ. ನಿಮ್ಮ ಕಾಲಿನ ಮೇಲೆ ಆ ತಪ್ಪನ್ನ ಹಾಕ್ಕೋಬೇಡಿ. ಕೆಳಗಿನ ಉತ್ತರಗಳಲ್ಲಿ ಎರಡನೇದನ್ನ ಮಾತ್ರ ಬಿಡದೆ ಓದಿ, ಉಳಿದದ್ದು ನಿಮಗೆ ಬೇಕಾದ್ದು ಬೇಕಾದ ಹಾಗೆ.

ಮಿಡ್ ಬೂಟ್ಸ್ ಅಂದ್ರೆ ಯಾವುದು, ಎಷ್ಟು ಎತ್ತರ?

ಪಾದದ ಗಂಟಿನ ಮೇಲೆ, ಮಂಡಿಗಿಂತ ಸಾಕಷ್ಟು ಕೆಳಗೆ ನಿಲ್ಲೋದೆಲ್ಲ ಇದೇ ಜಾತಿ. ಆಂಕಲ್ ಬೂಟ್ ಗಂಟಿನ ಹತ್ರಾನೇ ಮುಗಿಯತ್ತೆ, ನೀ-ಹೈ ಮಂಡಿ ಹತ್ರ ಹೋಗತ್ತೆ, ಇದು ನಡುವಿಂದು, ನೆಲದಿಂದ ಸುಮಾರು 8ರಿಂದ 12 ಇಂಚು. ಆನ್‌ಲೈನ್‌ನಲ್ಲಿ ತಗೊಳ್ಳೋರು ಒಂದು ನೆನಪಿಟ್ಕೊಳ್ಳಿ, ಅಲ್ಲಿ ಶಾಫ್ಟ್ (ಬೂಟಿನ ಕಾಲು ಮುಚ್ಚೋ ಭಾಗ) ಹೈಟ್ ಅಂತ ಕೊಟ್ಟಿರೋದು ಸಾಮಾನ್ಯವಾಗಿ ಪಾದದ ಕಮಾನಿನಿಂದ ಮೇಲಕ್ಕೆ ತೆಗೆದ ಅಳತೆ, ಹೀಲ್ ಅದರಲ್ಲಿ ಸೇರಿರಲ್ಲ. 9 ಇಂಚು ಶಾಫ್ಟ್, 2 ಇಂಚು ಹೀಲ್ ಇದ್ರೆ ಬೂಟಿನ ಬಾಯಿ ನೆಲದಿಂದ 11 ಇಂಚಿಗೆ ಬರತ್ತೆ. ಸ್ಕರ್ಟ್ ಲೆಕ್ಕ ಹಾಕೋವಾಗ ಈ 11 ಬೇಕಾಗತ್ತೆ, 9 ಅಲ್ಲ.

ಕೌಬಾಯ್ ಬೂಟ್ಸ್, ಹತ್ತು ತೂತಿನ ಲೇಸ್ ಬೂಟ್ಸ್, ಪಕ್ಕದಲ್ಲಿ ಜಿಪ್ ಇರೋ ಆಫೀಸ್ ಬೂಟ್ಸ್, ಸುಕ್ಕು ಸುಕ್ಕಾಗಿ ಕೂರೋ ಸ್ಲೌಚ್ ಬೂಟ್ಸ್, ಎಲ್ಲ ಇದರಲ್ಲಿ ಬರತ್ತೆ.

ಯಾವ ಉದ್ದದ ಸ್ಕರ್ಟ್ ಹಾಕ್ಬೇಕು? ನಾನು ಹಾಕಿದ್ರೆ ಯಾವಾಗ್ಲೂ ಏನೋ ಒಂಥರ ಕಾಣತ್ತೆ.

ಆ "ಏನೋ ಒಂಥರ" ಎಲ್ಲಿಂದ ಬರತ್ತೆ ಅಂತ ಹೇಳ್ತೀನಿ. ಮೀನಖಂಡ ಅತಿ ದಪ್ಪ ಇರೋ ಜಾಗದಲ್ಲೇ ಈ ಬೂಟಿನ ಬಾಯಿ ಬಂದು ನಿಲ್ಲತ್ತೆ, ಅಂದ್ರೆ ಕಾಲಿಗೆ ಅಡ್ಡ ಒಂದು ಗೆರೆ ಎಳೆದ ಹಾಗೆ. ಸ್ಕರ್ಟಿನ ಅಂಚು ಇನ್ನೊಂದು ಅಡ್ಡ ಗೆರೆ. ಈ ಎರಡು ಗೆರೆ ಹತ್ತಿರ ಹತ್ತಿರ ಬಂದ್ರೆ ನಡುವೆ ಒಂದು ಇಂಚೋ ಎರಡು ಇಂಚೋ ಕಾಲು ಇಣುಕತ್ತೆ, ನೋಡೋರ ಕಣ್ಣು ಸೀದಾ ಅಲ್ಲಿಗೇ ಹೋಗತ್ತೆ, ಕಾಲು ಗಿಡ್ಡ ಆಗತ್ತೆ, ದಪ್ಪಾನೂ ಕಾಣತ್ತೆ. ಹಾಗಾಗಿ ಎರಡೇ ದಾರಿ. ಒಂದು, ಸ್ಕರ್ಟ್ ಬೂಟಿನ ಬಾಯನ್ನ ಪೂರ್ತಿ ಮುಚ್ಚಬೇಕು. ಇಲ್ಲ, ಕಾಲು ಧಾರಾಳವಾಗಿ ಕಾಣೋ ಹಾಗೆ ಮೇಲೇ ನಿಂತುಬಿಡಬೇಕು. ಅರ್ಧಂಬರ್ಧ ಬೇಡ.

ಇದನ್ನ ಕಣ್ಣಂದಾಜಲ್ಲಿ ಬಿಡ್ಬೇಡಿ, ಟೈಲರ್ ಟೇಪ್ ತಗೊಂಡು ಅಳೀರಿ. ಬೂಟ್ಸ್ ಹಾಕ್ಕೊಂಡು ನೇರ ನಿಂತು ನೆಲದಿಂದ ಬೂಟಿನ ಬಾಯಿಗೆ ಎಷ್ಟು ಅಂತ ನೋಡಿ, ಆಮೇಲೆ ಅದೇ ಬೂಟ್ಸ್‌ನಲ್ಲೇ ಸ್ಕರ್ಟ್ ಹಾಕ್ಕೊಂಡು ನೆಲದಿಂದ ಸ್ಕರ್ಟಿನ ಅಂಚಿಗೆ ಎಷ್ಟು ಅಂತ ನೋಡಿ. ಒಬ್ಬರೇ ಇದ್ರೆ ಬಗ್ಗಿದಾಗ ಅಳತೆ ತಪ್ಪತ್ತೆ, ಮನೇಲಿ ಯಾರನ್ನಾದ್ರೂ ಕರೀರಿ. ಬೂಟ್ ಬಾಯಿ 11 ಇಂಚಲ್ಲಿ ಇದ್ರೆ ಮಿಡಿ ಸ್ಕರ್ಟಿನ ಅಂಚು 8 ಇಂಚಿಗೆ ಇಳಿದಿರಲಿ, ಅಂದ್ರೆ 3 ಇಂಚು ಮುಚ್ಚಿರತ್ತೆ. ನಿಂತಿದ್ದಾಗ ಎರಡೇ ಇಂಚು ಸಾಕು ಅನ್ಸತ್ತೆ, ಆದ್ರೆ ಮೆಟ್ಟಿಲು ಹತ್ತೋವಾಗ, ಬೀಸಿ ನಡೆಯೋವಾಗ ಅಂಚು ಮೇಲೆ ಹೋಗತ್ತಲ್ಲ, ಅದಕ್ಕೆ ಇನ್ನೊಂದು ಇಂಚು. ಕುರ್ಚಿ ಮೇಲೆ ಕೂತಾಗ ಸ್ವಲ್ಪ ಕಂಡೇ ಕಾಣತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಮೇಲೆ ನಿಲ್ಲೋ ಸ್ಕರ್ಟ್ ಆದ್ರೆ ನಡುವೆ 5 ಇಂಚಾದ್ರೂ ಇರಲಿ. 5 ಅಡಿ 2 ಇಂಚು ಎತ್ತರ ಇರೋರು 2 ಇಂಚು ಹೀಲ್ ಹಾಕಿದ್ರೆ ಮಂಡಿ ನೆಲದಿಂದ ಸುಮಾರು 18-19 ಇಂಚಿಗೆ ಬರತ್ತೆ, ಅಂದ್ರೆ ಮಂಡಿಗೆ ಬರೋ ಡ್ರೆಸ್ ಸರಿಹೋಗತ್ತೆ, ಮಂಡಿ ಮೇಲಿಂದು ಇನ್ನೂ ಸಲೀಸು. ಕಷ್ಟ ಕೊಡೋದು ಮಂಡಿಗಿಂತ ಒಂದು ಗೇಣು ಕೆಳಗೆ ನಿಲ್ಲೋ ಡ್ರೆಸ್. ನಮ್ಮ ಅಂಗಡಿಗಳಲ್ಲಿ ಸಿಗೋ ಕಾಟನ್ ಡ್ರೆಸ್‌ಗಳಲ್ಲಿ ಬಹಳಷ್ಟು ಇದೇ ಉದ್ದ, ಪಾಪ ಎಲ್ಲರೂ ಎಡವೋದೂ ಇಲ್ಲೇ. ಅದನ್ನ ನಡುವೆ 5 ಇಂಚು ಸಿಗೋ ಹಾಗೆ ಮೇಲಕ್ಕೆ ಹೊಲಿಸಿ, ಅಥವಾ ಒಳಗೆ ಮಡಚಿದ ಬಟ್ಟೆ ಇದ್ರೆ ಬಿಚ್ಚಿ ಬೂಟಿನ ಬಾಯಿ ಮುಚ್ಚೋ ಹಾಗೆ ಇಳಿಸಿ. ಹೊಸ ಬೂಟ್ಸ್‌ಗೆ ಸಾವಿರಗಟ್ಟಲೆ ಕೊಡೋ ಮೊದಲು ಟೈಲರ್ ಹತ್ರ ಹೋಗಿ ಬಂದ್ರೆ ಎಷ್ಟೋ ಸಲ ಕೆಲಸ ಅಲ್ಲೇ ಮುಗಿದಿರತ್ತೆ.

ನನ್ನ ಎತ್ತರ 5 ಅಡಿ. ಇಂಥ ಬೂಟ್ಸ್ ಹಾಕಿದ್ರೆ ಇನ್ನೂ ಕುಳ್ಳಗೆ ಕಾಣ್ತೀನಿ ಅಂತಾರೆ, ಹೌದಾ?

ಮೇಲಿನ ಲೆಕ್ಕ ತಪ್ಪಿದ್ರೆ ಎತ್ತರ ಇರೋರೂ ಕುಳ್ಳಗೇ ಕಾಣ್ತಾರೆ. ನಿಮಗೆ ಅಂತ ನಾಲ್ಕೈದು ವಿಷಯ ಹೇಳ್ತೀನಿ. ಬೂಟ್ ಕಪ್ಪಾದ್ರೆ ಟೈಟ್ಸ್ ಕೂಡ ದಪ್ಪ ಕಪ್ಪು ಹಾಕಿ, ಆಗ ಬೂಟಿನ ಬಾಯಿ ಗೆರೆ ಕರಗಿಹೋಗತ್ತೆ, ಸ್ಕರ್ಟಿನ ಅಂಚಿನಿಂದ ಕೆಳಗೆ ಒಂದೇ ಬಣ್ಣ ಹರಿಯತ್ತೆ. ಬೂಟಿನ ಬಾಯಿ ಮುಂದೆ ಸ್ವಲ್ಪ ಇಳಿದು ವಿ ಆಕಾರದಲ್ಲಿ ಇದ್ರೆ ಬಹಳ ಒಳ್ಳೇದು, ಕೌಬಾಯ್ ಬೂಟ್ಸ್‌ನಲ್ಲಿ ಹಾಗೇ ಇರತ್ತೆ, ಅಡ್ಡ ಗೆರೆ ಅಲ್ಲಿ ಮುರಿದುಹೋಗತ್ತೆ. ತುದಿ ಬಾದಾಮಿ ಆಕಾರದ್ದು ನೋಡಿ, ದುಂಡಗೆ ದಪ್ಪ ಇರೋದಕ್ಕಿಂತ ಪಾದ ಉದ್ದ ಕಾಣತ್ತೆ. ಟಾಪ್ ಅನ್ನ ಸ್ಕರ್ಟ್ ಒಳಗೆ ಸಿಕ್ಕಿಸಿ, ಸ್ಕರ್ಟ್ ಸೊಂಟದ ಮೇಲೇ ಕೂರಲಿ, ಹೊಟ್ಟೆ ಕೆಳಗೆ ಬೇಡ. ಪಾದದ ಗಂಟಿನ ಹತ್ರ ಬಕಲ್ಲು ಬೆಲ್ಟು ಇರೋ ಬೂಟ್ಸ್ ಇನ್ನೊಂದು ಅಡ್ಡ ಗೆರೆ ಸೇರಿಸತ್ತೆ, ನಿಮಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಹೀಲ್ ಹಾಕಲೇಬೇಕು ಅಂತೇನಿಲ್ಲ. ಮಂಡಿ ಮೇಲಿನ ಸ್ಕರ್ಟಿಗೆ ಫ್ಲಾಟ್ ಬೂಟ್ಸ್ ಚೆನ್ನಾಗೇ ಇರತ್ತೆ. ಉದ್ದ ಮಿಡಿಗೆ ಮಾತ್ರ ಒಂದೂವರೆ-ಎರಡು ಇಂಚಿನ ಬ್ಲಾಕ್ ಹೀಲ್ (ದಪ್ಪ, ಚೌಕ ಹೀಲ್) ಇದ್ರೆ ಬಟ್ಟೆ ನೆಲದಿಂದ ಎದ್ದು ಚೆನ್ನಾಗಿ ಬೀಳತ್ತೆ.

ನನ್ನ ಮೀನಖಂಡ ದಪ್ಪ, ಜಿಪ್ ಅರ್ಧಕ್ಕೇ ನಿಂತುಬಿಡತ್ತೆ. ಏನ್ಮಾಡ್ಲಿ?

ಇದು ನಾಚಿಕೆ ಪಡೋ ವಿಷಯಾನೇ ಅಲ್ಲ, ಬೂಟ್ ಮಾಡೋರಲ್ಲಿ ಬಹಳಷ್ಟು ಜನ ಒಂದು ಪಾದದ ಅಳತೆಗೆ ಒಂದೇ ಮೀನಖಂಡದ ಅಳತೆ ಇಟ್ಟಿರ್ತಾರೆ ಅಷ್ಟೇ. ಪಾದ 5 ನಂಬರ್ ಇರೋರ ಕಾಲೆಲ್ಲ ಒಂದೇ ದಪ್ಪ ಇರೋಕೆ ಸಾಧ್ಯಾನಾ?

ಮೊದಲು ಅಳತೆ. ಸಂಜೆ ಹೊತ್ತು ಅಳೀರಿ, ದಿನವಿಡೀ ನಿಂತು ಓಡಾಡಿ ಕಾಲು ಸ್ವಲ್ಪ ಊದಿರತ್ತೆ, ಬೆಳಗ್ಗೆ ಸರಿಹೋಗೋ ಬೂಟ್ ಸಂಜೆಗೆ ಕಚ್ಚೋದು ಇದಕ್ಕೇ. ಕುರ್ಚಿ ಮೇಲೆ ಕೂತು, ಪಾದ ನೆಲಕ್ಕೆ ಊರಿ, ಬೂಟಿನ ಬಾಯಿ ಬರೋ ಎತ್ತರದಲ್ಲಿ ಟೇಪ್ ಸುತ್ತಿ. ಎರಡೂ ಕಾಲು ಅಳೀರಿ, ಬಹಳ ಜನಕ್ಕೆ ವ್ಯತ್ಯಾಸ ಇರತ್ತೆ, ದೊಡ್ಡದನ್ನೇ ತಗೊಳ್ಳಿ. ದಪ್ಪ ಟೈಟ್ಸ್ ಹಾಕೋದಾದ್ರೆ ಅದನ್ನ ಹಾಕ್ಕೊಂಡೇ ಅಳೀರಿ. ವೆಬ್‌ಸೈಟಲ್ಲಿ ಶಾಫ್ಟ್ ಸುತ್ತಳತೆ ಕೊಟ್ಟಿರ್ತಾರೆ, ನಿಮ್ಮ ಅಳತೆಗಿಂತ ಅರ್ಧದಿಂದ ಒಂದು ಇಂಚಾದ್ರೂ ಜಾಸ್ತಿ ಇರೋದು ನೋಡಿ. ಅದನ್ನ ಕೊಟ್ಟೇ ಇಲ್ಲ ಅಂದ್ರೆ, ವಾಪಸ್ ತಗೊಳ್ಳಲ್ಲ ಅಂತಲೂ ಬರೆದಿದ್ರೆ, ದಯವಿಟ್ಟು ಬೇಡ.

ಪಕ್ಕದಲ್ಲಿ ಎಲಾಸ್ಟಿಕ್ ಪಟ್ಟಿ ಇರೋ ಬೂಟ್ಸ್ ನಿಮಗೆ ಒಳ್ಳೇ ಗೆಳೆಯರು. ಈ ಎಲಾಸ್ಟಿಕ್ ಐಡಿಯಾ ಹೊಸದೇನಲ್ಲ, ವಿಕ್ಟೋರಿಯಾ ರಾಣಿಗೆ ಬೂಟ್ ಮಾಡ್ತಿದ್ದ ಸ್ಪಾರ್ಕ್ಸ್-ಹಾಲ್ ಅನ್ನೋರು 1851ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ರು, ನಾವು ಈಗ ಚೆಲ್ಸಿ ಬೂಟ್ಸ್ ಅನ್ನೋದು ಅದೇ ವಂಶದ್ದು. ಲೇಸ್ ಇರೋದೂ ಒಳ್ಳೇದು, ಬೇಕಾದಷ್ಟು ಸಡಿಲ ಬಿಡಬಹುದು. ನಿಜವಾದ ಲೆದರ್ ಆದ್ರೆ ಚಪ್ಪಲಿ ರಿಪೇರಿ ಮಾಡೋರು ಅಚ್ಚಿಗೆ ಹಾಕಿ ಸ್ವಲ್ಪ ಹಿಗ್ಗಿಸಿ ಕೊಡ್ತಾರೆ, ಹಿಂದುಗಡೆ ಕತ್ತರಿಸಿ ಎಲಾಸ್ಟಿಕ್ ಕೂರಿಸೋ ಕೆಲಸಾನೂ ಕೈಪಳಗಿದವರು ಮಾಡ್ತಾರೆ. ಪಿಯು (ಲೆದರ್ ಥರ ಕಾಣೋ ಪ್ಲಾಸ್ಟಿಕ್) ಬೂಟ್ಸ್ ಹಿಗ್ಗಲ್ಲ, ಹಿಗ್ಗಿಸೋಕೆ ಹೋದ್ರೆ ಬಿರಿಯತ್ತೆ.

ಇನ್ನೊಂದು, ಬೂಟಿನ ಬಾಯಿ ಕಾಲಿಗೆ ಅಂಟಿಕೊಂಡೇ ಇರಬೇಕು ಅನ್ನೋದನ್ನ ಬಿಡಿ. ಬಾಯಿ ಅಗಲವಾಗಿ, ಕಾಲಿಂದ ಒಂದೆರಡು ಬೆರಳು ದೂರ ನಿಂತ್ರೆ ಒಳಗಿರೋ ಕಾಲು ಸಣ್ಣಗೆ ಕಾಣತ್ತೆ. ಕಾಲು ಬಹಳ ಸಣ್ಣ ಇರೋರಿಗೆ ಇದು ಉಲ್ಟಾ, ಅವರು ಸ್ವಲ್ಪ ಬಿಗಿ ಇರೋದನ್ನೇ ನೋಡ್ಬೇಕು, ಇಲ್ಲಾಂದ್ರೆ ಬಕೆಟ್ ಒಳಗೆ ಕಾಲಿಟ್ಟ ಹಾಗೆ ಕಾಣತ್ತೆ.

ಮಿನಿ ಸ್ಕರ್ಟಿಗೆ ಹಾಕಬಹುದಾ, ಅತಿ ಆಗಲ್ವಾ?

ಅತಿ ಆಗಲ್ಲ, ಇದು ಹಳೇ ಜೋಡಿ. 1964ರಲ್ಲಿ ಪ್ಯಾರಿಸ್‌ನ ಡಿಸೈನರ್ ಆಂದ್ರೆ ಕುರೇಜ್ ಗಿಡ್ಡ ಡ್ರೆಸ್‌ಗಳ ಜೊತೆ ಬಿಳೀ ಬಣ್ಣದ, ಫ್ಲಾಟ್, ಮೀನಖಂಡದ ಅರ್ಧಕ್ಕೆ ಬರೋ ಬೂಟ್ಸ್ ಹಾಕಿಸಿದ್ರು, ಆಮೇಲೆ ಜಗತ್ತೆಲ್ಲ ಗೋ-ಗೋ ಬೂಟ್ಸ್ ಅಂತ ಕುಣೀತು. ಅಲ್ಲಿ ಗಮನಿಸಬೇಕಾದ್ದು ಹೀಲ್ ಇರಲಿಲ್ಲ ಅನ್ನೋದು. ಸ್ಕರ್ಟ್ ಗಿಡ್ಡ ಇದ್ದಷ್ಟೂ ಹೀಲ್ ತಗ್ಗು, ಬೂಟ್ ಗಟ್ಟಿಮುಟ್ಟು ಇರಲಿ, ಆಗ ಇಡೀ ವೇಷ ಹಗುರವಾಗಿ, ಓಡಾಡೋ ಹುಡುಗಿ ಥರ ಇರತ್ತೆ. ಸಂಕೋಚ ಇದ್ರೆ 60 ಡೀನಿಯರ್ ಮೇಲಿನ ಟೈಟ್ಸ್ ಹಾಕಿ. ಡೀನಿಯರ್ ನಂಬರ್ ಏರಿದ ಹಾಗೆ ದಪ್ಪ ಏರತ್ತೆ, 20 ಅಂದ್ರೆ ಚರ್ಮ ಕಾಣತ್ತೆ, 80-100 ಅಂದ್ರೆ ಏನೂ ಕಾಣಲ್ಲ.

ಸ್ಕರ್ಟಿನ ಶೇಪ್ ಮುಖ್ಯಾನಾ?

ಉದ್ದದಷ್ಟು ಅಲ್ಲ, ಆದ್ರೂ ಮುಖ್ಯ. ಎ-ಲೈನ್ (ಕೆಳಗೆ ಬರ್ತಾ ಅಗಲ ಆಗೋದು) ಮತ್ತೆ ನೆರಿಗೆ ಸ್ಕರ್ಟ್ ಸುಲಭ, ಬೂಟಿನ ಬಾಯಿ ಒಳಗೆ ಆರಾಮಾಗಿ ಅಡಗತ್ತೆ. ಸ್ಯಾಟಿನ್ ಸ್ಲಿಪ್ ಸ್ಕರ್ಟ್ ತೆಳು, ಒಳಗಿನ ಬೂಟಿನ ಉಬ್ಬು ಹೊರಗೆ ಕಾಣತ್ತೆ, ಅದಕ್ಕೆ ಕಾಲಿಗೆ ಹತ್ರ ಇರೋ ಬೂಟ್ ಬೇಕು. ಪೆನ್ಸಿಲ್ ಮಿಡಿಗೆ ಸೀಳು ಇದ್ದೇ ಇರಲಿ, ಇಲ್ಲಾಂದ್ರೆ ನಡೆಯೋಕೇ ಆಗಲ್ಲ, ಸೀಳಿನಿಂದ ಬೂಟ್ ಇಣುಕಿದ್ರೆ ನನಗಂತೂ ಬಹಳ ಇಷ್ಟ. ಡೆನಿಮ್ ಸ್ಕರ್ಟಿಗೆ ಕೌಬಾಯ್ ಬೂಟ್ಸ್ ಕಣ್ಣು ಮುಚ್ಚಿ ಹಾಕಿ. ಫ್ರಿಲ್ ಫ್ರಿಲ್ ಕಾಟನ್ ಡ್ರೆಸ್, ಹೂವಿನ ಪ್ರಿಂಟ್ ಇದ್ರೆ ಒರಟು ಲೇಸ್ ಬೂಟ್ಸ್ ಹಾಕಿ ನೋಡಿ, ಮೆತ್ತಗಿನದರ ಪಕ್ಕ ಗಟ್ಟಿ ಇದ್ದಾಗ ಎರಡೂ ಎದ್ದು ಕಾಣತ್ತೆ. ಡಾಕ್ಟರ್ ಮಾರ್ಟೆನ್ಸ್‌ನ 1460 ಅನ್ನೋ ಬೂಟ್ 1960ರ ಏಪ್ರಿಲ್ 1ಕ್ಕೆ ಇಂಗ್ಲೆಂಡಿನಲ್ಲಿ ಬಂದಿದ್ದು, ಹೆಸರೂ ಆ ತಾರೀಖಿಂದೇ. ಅದು ಕೆಲಸಗಾರರ ಬೂಟ್ ಆಗಿ ಶುರುವಾಗಿ ಹೂವಿನ ಡ್ರೆಸ್ ಕೆಳಗೆ ಬಂದು ಸೇರ್ತು.

ಸ್ಕರ್ಟ್ ಕಾಲಿಗೆ, ಬೂಟಿಗೆ ಅಂಟ್ಕೊಂಡು ಮೇಲೆ ಮೇಲೆ ಬರತ್ತೆ.

ಚಳಿ ದೇಶದಲ್ಲಿ ಹೀಟರ್ ಹಾಕಿದ ಮನೆ, ಆಫೀಸಲ್ಲಿ ಗಾಳಿ ಒಣಗಿರತ್ತೆ, ಪಾಲಿಸ್ಟರ್ ಸ್ಕರ್ಟ್ ನೈಲಾನ್ ಟೈಟ್ಸ್‌ಗೆ ಉಜ್ಜಿ ಸ್ಟ್ಯಾಟಿಕ್ ಬರತ್ತೆ. ಕಾಲಿಗೆ, ಕೈಗೆ ಲೋಷನ್ ಚೆನ್ನಾಗಿ ಹಚ್ಚಿ, ಸ್ಕರ್ಟ್ ಒಳಗೆ ನುಣುಪಾದ ಲೈನಿಂಗ್ ಅಥವಾ ಸ್ಲಿಪ್ ಇರಲಿ, ತುರ್ತಿಗೆ ಒದ್ದೆ ಕೈಯಿಂದ ಒಳಭಾಗ ಸವರಿದ್ರೂ ಸ್ವಲ್ಪ ಹೊತ್ತು ನಿಲ್ಲತ್ತೆ. ಸ್ವೇಡ್ (ಮಖಮಲ್ ಥರ ಮೇಲ್ಮೈ ಇರೋ ಚರ್ಮ) ಬೂಟ್ಸ್ ಉಣ್ಣೆ ಸ್ಕರ್ಟನ್ನ ಹಿಡ್ಕೊಂಡು ಬಿಡತ್ತೆ, ಅಲ್ಲಿ ಲೈನಿಂಗ್ ಇಲ್ಲದೆ ಆಗಲ್ಲ.

ನಾನು ಬೆಂಗಳೂರಲ್ಲಿ ಇರೋದು. ಇಲ್ಲಿ ಬೂಟ್ಸ್ ಹಾಕೋಷ್ಟು ಚಳಿ ಎಲ್ಲಿದೆ?

ಡಿಸೆಂಬರ್-ಜನವರಿ ಬೆಳಗ್ಗೆ 15-16 ಡಿಗ್ರಿ ಇರತ್ತಲ್ಲ, ಎಸಿ ಆಫೀಸಲ್ಲಿ ವರ್ಷ ಪೂರ್ತಿ ಕಾಲು ಕೊರೆಯತ್ತಲ್ಲ, ಅಲ್ಲಿಗೆ ಸಾಕು. ಒಳಗೆ ತುಪ್ಪಳ ಇರೋ ಬೂಟ್ಸ್ ಮಾತ್ರ ನಮ್ಮ ಊರಿಗೆ ಬೇಡ, ಮಧ್ಯಾಹ್ನದ ಹೊತ್ತಿಗೆ ಕಾಲು ಬೆಂದುಹೋಗತ್ತೆ. ತೆಳು ಲೆದರ್ ಲೈನಿಂಗ್ ಇರೋದು, ಒಳಗೆ ಕಾಟನ್ ಸಾಕ್ಸ್, ಕಾಲಿಗೆ ಟೈಟ್ಸ್ ಇಲ್ಲದೆ ಕಾಟನ್ ಮಿಡಿ, ಇದು ಬೆಂಗಳೂರು, ಮೈಸೂರಿಗೆ ಸರಿ. ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿಗಾಲದಲ್ಲಿ ಉಣ್ಣೆ ಸ್ಕರ್ಟೂ ಆಗತ್ತೆ. ಮಂಗಳೂರು, ಕಾರವಾರದ ಸೆಕೆಗೆ ನಾನು ಬೂಟ್ಸ್ ಹೇಳಲ್ಲ, ಅಲ್ಲಿನವರು ಟ್ರಿಪ್‌ಗೆ ಇಟ್ಕೊಳ್ಳಿ.

ಸ್ಕೂಟರ್ ಓಡಿಸೋರಿಗೆ, ಹಿಂದೆ ಕೂರೋರಿಗೆ ಒಂದು ಮಾತು ಬಿಡಿಸಿ ಹೇಳ್ತೀನಿ. ಬೈಕ್ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಕೊಂಡ ಗುರುತು ಎಷ್ಟು ಹೆಣ್ಮಕ್ಕಳ ಕಾಲಲ್ಲಿ ಇಲ್ಲ ಹೇಳಿ, ಮಿಡ್ ಬೂಟ್ ಸರಿಯಾಗಿ ಆ ಜಾಗಾನೇ ಕಾಯತ್ತೆ. ಆದ್ರೆ ಉದ್ದ, ಘೇರ್ ಇರೋ ಸ್ಕರ್ಟ್ ಹಾಕ್ಕೊಂಡು ಗಾಡಿ ಹತ್ತೋದು ಅಪಾಯ, ದುಪಟ್ಟಾ, ಸೀರೆ ಚಕ್ರಕ್ಕೆ ಸಿಕ್ಕೋ ಹಾಗೇ ಇದೂ ಸಿಕ್ಕತ್ತೆ. ಗಾಡಿ ಇದ್ದ ದಿನ ಮಂಡಿ ಹತ್ರ ನಿಲ್ಲೋ ಸ್ಕರ್ಟ್, ಒಳಗೆ ಸೈಕ್ಲಿಂಗ್ ಶಾರ್ಟ್ಸ್. ಉದ್ದದ್ದು ಮೆಟ್ರೋ, ಕ್ಯಾಬ್ ದಿನಕ್ಕೆ ಇಟ್ಕೊಳ್ಳಿ.

ಖಣದ ಸ್ಕರ್ಟ್, ಇಳಕಲ್ ಸೀರೆಯಿಂದ ಹೊಲಿಸಿದ ಡ್ರೆಸ್ ಜೊತೆ ಬೂಟ್ಸ್ ಹೊಂದತ್ತಾ?

ಎಷ್ಟು ಚೆನ್ನಾಗಿ ಹೊಂದತ್ತೆ ಅಂದ್ರೆ, ಯಾಕೆ ಇನ್ನೂ ಎಲ್ಲರೂ ಹಾಕ್ತಿಲ್ಲ ಅಂತ ನಂಗೆ ಆಶ್ಚರ್ಯ. ಗುಳೇದಗುಡ್ಡದ ಖಣ ಕುಬುಸಕ್ಕೆ ಅಂತಲೇ ನೇಯ್ತಿದ್ದ ಬಟ್ಟೆ, ಪನ್ನ ಕಡಿಮೆ, ಹಾಗಾಗಿ ಸ್ಕರ್ಟ್ ಹೊಲಿಸೋವಾಗ ತುಂಡು ಜೋಡಿಸಿ ಕಳಿ ಕಳಿಯಾಗಿ ಹೊಲೀಬೇಕಾಗತ್ತೆ, ತಾನಾಗೇ ಒಳ್ಳೇ ಎ-ಲೈನ್ ಬರತ್ತೆ. ಬಟ್ಟೆಗೆ ಸ್ವಲ್ಪ ಬಿಗಿ ಇರೋದ್ರಿಂದ ಕಾಲಿಗೆ ಅಂಟಲ್ಲ, ಬೂಟಿಂದ ದೂರ ನಿಲ್ಲತ್ತೆ. ಆ ಕಡುಗೆಂಪು, ಹಸಿರು, ನೀಲಿ, ಒಳಗೆ ಸಣ್ಣ ಸಣ್ಣ ಬುಟ್ಟಾ, ಇದಕ್ಕೆ ಕಂದು ಬಣ್ಣದ ಸಾದಾ ಲೆದರ್ ಬೂಟ್ ಹಾಕಿ, ಕಪ್ಪಿಗಿಂತ ಕಂದು ಎಷ್ಟೋ ವಾಸಿ. ಬೂಟಿನ ಮೇಲೆ ಕಸೂತಿ, ಸ್ಟಡ್ಸ್, ಚೈನು ಏನೂ ಬೇಡ, ಮಾತಾಡಬೇಕಾದ್ದು ಖಣ.

ಇಳಕಲ್ ಅಥವಾ ಯಾವುದೇ ಬಾರ್ಡರ್ ಸೀರೆಯಿಂದ ಹೊಲಿಸೋದಾದ್ರೆ ಬಾರ್ಡರ್ ಎಲ್ಲಿಗೆ ಬರತ್ತೆ ಅಂತ ಟೈಲರ್‌ಗೆ ಮೊದಲೇ ಹೇಳಿ. ಅಂಚಿಗೇ ಬಾರ್ಡರ್ ಬಂದ್ರೆ ಅದೇ ಒಂದು ದಪ್ಪ ಅಡ್ಡ ಗೆರೆ, ಅದರ ಕೆಳಗೆ ಬೂಟಿನ ಬಾಯಿ ಕಂಡ್ರೆ ಗೆರೆ ಮೇಲೆ ಗೆರೆ. ಅದಕ್ಕೆ ಬಾರ್ಡರ್ ಸ್ಕರ್ಟ್ ಯಾವಾಗ್ಲೂ ಬೂಟ್ ಮುಚ್ಚೋ ಉದ್ದಕ್ಕೇ ಹೊಲಿಸಿ. ಬೂಟ್ಸ್ ಜೊತೆಗೇ ತಗೊಂಡು ಹೋಗಿ, ಹಾಕ್ಕೊಂಡು ಅಳತೆ ಕೊಡಿ. ಮತ್ತೆ ಬೂಟಿನ ಜಿಪ್ ತುದಿ ನೋಡ್ಕೊಳ್ಳಿ, ಚೂಪಾಗಿದ್ರೆ ರೇಷ್ಮೆ ಎಳೆ ಸಿಕ್ಕಿಸಿ ಕೀಳತ್ತೆ, ಜಿಪ್ ಒಳಬದಿಗೆ ಇದ್ದು ಮೇಲೆ ಪಟ್ಟಿ ಮುಚ್ಚಿರೋದು ಒಳ್ಳೇದು.

ಟೊರಾಂಟೋದಲ್ಲಿ ಇದೀವಿ, ಜನವರಿಯಲ್ಲಿ ಕನ್ನಡ ಸಂಘದ ಸಂಕ್ರಾಂತಿ. ಸೀರೆ, ಮಕ್ಕಳಿಗೆ ಲಂಗ. ಬೂಟ್ಸ್ ಹಾಕಿದ್ರೆ ವಿಚಿತ್ರ ಅನ್ಸತ್ತಾ?

ಹಿಮದಲ್ಲಿ ಚಪ್ಪಲಿ ಹಾಕ್ಕೊಂಡು ನಡೆಯೋದು ವಿಚಿತ್ರ, ಬೂಟ್ಸ್ ಅಲ್ಲ. ಸೀರೆ ಕೆಳಗೆ ಮಿಡ್ ಬೂಟ್ ಯಾರಿಗೂ ಗೊತ್ತೇ ಆಗಲ್ಲ, ಪಾರ್ಕಿಂಗ್ ಲಾಟಿಂದ ಹಾಲ್ ತನಕ ಕಾಲು ಬೆಚ್ಚಗಿರತ್ತೆ. ಸೀರೆ ಉಡೋ ಮೊದಲೇ ಬೂಟ್ಸ್ ಹಾಕ್ಕೊಳ್ಳಿ, ಆಗ ಉದ್ದ ಸರಿ ಸಿಗತ್ತೆ, ಬರೀ ಕಾಲಲ್ಲಿ ಉಟ್ಟು ಆಮೇಲೆ ಹೀಲ್ ಬೂಟ್ ಹಾಕಿದ್ರೆ ಸೀರೆ ಗಿಡ್ಡ ಆಗತ್ತೆ. ಆ ದಿನ ನೆಲದಿಂದ ಒಂದೆರಡು ಇಂಚು ಮೇಲೇ ಇರಲಿ, ರಸ್ತೆಗೆ ಹಾಕಿರೋ ಉಪ್ಪು ಕರಗಿದ ನೀರು ಫಾಲ್‌ಗೆ ಹೀರಿದ್ರೆ ಬಿಳೀ ಕಲೆ ಕೂರತ್ತೆ, ರೇಷ್ಮೆಗೆ ಬಂದ್ರೆ ಹೊಟ್ಟೆ ಉರಿಯತ್ತೆ. ಹೊರಗೆ ನಡೆಯೋವಾಗ ನೆರಿಗೆ ಎತ್ತಿ ಹಿಡ್ಕೊಳ್ಳಿ. ಒಳಗೆ ಒಳಲಂಗದ ಜೊತೆ ಉಣ್ಣೆ ಲೆಗ್ಗಿಂಗ್ಸ್. ಸೋಲ್ ರಬ್ಬರ್‌ದಾಗಿರಲಿ, ಕೆಳಗೆ ಆಳವಾದ ಗೀರು ಇರಲಿ, ನುಣುಪು ಲೆದರ್ ಸೋಲ್ ಐಸ್ ಮೇಲೆ ಜಾರತ್ತೆ.

ನಮ್ಮ ಜನದ ಫಂಕ್ಷನ್ ಅಂದ್ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡೋದು ಇದ್ದೇ ಇರತ್ತೆ, ದೇವಸ್ಥಾನ, ಅರಿಶಿನ ಕುಂಕುಮಕ್ಕೆ ಕರೆದ ಮನೆ, ಎಲ್ಲ ಕಡೆ. ಇದಕ್ಕೇ ನಾನು ಕನ್ನಡದವರಿಗೆ ಲೇಸ್‌ಗಿಂತ ಜಿಪ್ ಬೂಟ್ಸ್ ಹೇಳೋದು, ಕೈಯಲ್ಲಿ ಎಳ್ಳು-ಬೆಲ್ಲದ ತಟ್ಟೆ ಹಿಡ್ಕೊಂಡು ಹತ್ತು ತೂತಿನ ಲೇಸ್ ಬಿಚ್ಚೋಕೆ ಆಗಲ್ಲ. ಲೇಸ್ ಬೂಟ್ಸ್ ಇಷ್ಟ ಅಂದ್ರೆ ಪಕ್ಕದಲ್ಲಿ ಜಿಪ್ಪೂ ಇರೋದು ಸಿಗತ್ತೆ. ಟೈಟ್ಸ್‌ನ ಹೆಬ್ಬೆರಳು ಹರಿದಿದೆಯಾ ಅಂತ ಮನೇಲೇ ನೋಡ್ಕೊಂಡು ಹೊರಡಿ, ಬ್ಯಾಗಲ್ಲಿ ಒಂದು ಜೊತೆ ತೆಳು ಚಪ್ಪಲಿ ಇಟ್ಕೊಂಡ್ರೆ ಹಾಲ್ ಒಳಗೆ ಬದಲಾಯಿಸ್ಕೋಬಹುದು. ಮಕ್ಕಳ ಲಂಗ ಹೇಗೂ ಬೂಟ್ ಮುಚ್ಚತ್ತೆ, ಅವರಿಗೆ ಹಿಮದಲ್ಲಿ ಆಡೋ ಬೂಟ್ಸೇ ಹಾಕಿ.

ಮೊದಲನೇ ಜೊತೆ ಯಾವ ಕಲರ್?

ಟೈಟ್ಸ್ ಜಾಸ್ತಿ ಹಾಕೋ ಚಳಿ ದೇಶದವರು ಕಪ್ಪು. ಬರೀ ಕಾಲಿಗೆ ಹಾಕೋ ನಮ್ಮ ಊರಿನವರು ಕಂದು. ಕಾರಣ ಇದೆ. ಬರೀ ಕಾಲು ಕಾಣೋವಾಗ ಬೂಟಿನ ಬಣ್ಣ ಚರ್ಮದ ಬಣ್ಣಕ್ಕೆ ಹತ್ರ ಇದ್ದಷ್ಟೂ ಕಾಲು ಉದ್ದ ಕಾಣತ್ತೆ. ಅಂಗಡಿಗಳಲ್ಲಿ ನ್ಯೂಡ್ ಅಂತ ಬಿಸ್ಕತ್ ಬಣ್ಣದ್ದು ತೋರಿಸ್ತಾರೆ, ಅದು ಬಿಳಿಯರ ಕಾಲಿಗೆ ಲೆಕ್ಕ ಹಾಕಿದ ಬಣ್ಣ. ನಮ್ಮ ಎಣ್ಣೆಗೆಂಪು, ಗೋಧಿ, ಕಪ್ಪು ಕಾಲಿಗೆ ನ್ಯೂಡ್ ಅಂದ್ರೆ ಟ್ಯಾನ್, ಚೆಸ್ಟ್‌ನಟ್, ಕಾಫಿ ಬಣ್ಣ. ಕಾಲು ಕಪ್ಪು ಅಂತ ಬೂಟ್ಸ್‌ನಿಂದ ಮುಚ್ಚೋಕೆ ಹೊರಟವರಿಗೆ ನಾನು ಹೇಳೋದು, ಆ ಕಾಲಿಗೆ ಕಡು ಕಾಫಿ ಬಣ್ಣದ ಲೆದರ್ ಹಾಕಿ ಸಾಸಿವೆ ಹಳದಿ ಡ್ರೆಸ್ ತೊಟ್ಟು ಕನ್ನಡಿ ಮುಂದೆ ನಿಂತು ನೋಡಿ, ಅಷ್ಟು ಚೆಂದ ಬೇರೆ ಯಾರಿಗೂ ಬರಲ್ಲ.

ಆಫೀಸಿಗೆ?

ಸಾದಾ ಬೂಟ್, ಬ್ಲಾಕ್ ಹೀಲ್, ಪಾಲಿಶ್ ಮಾಡಿರಬೇಕು. ಮುಚ್ಚೋ ಉದ್ದದ ಮಿಡಿ. ಇಂಟರ್‌ವ್ಯೂಗೆ ಹೊಸಾ ಬೂಟ್ಸ್ ಹಾಕ್ಬೇಡಿ, ಕಚ್ಚಿದ್ರೆ ಗಮನ ಕಾಲಿಗೇ ಹೋಗತ್ತೆ, ಮನೇಲಿ ಒಂದು ವಾರ ಹಾಕಿ ಪಳಗಿಸಿ.

ಲೆದರ್ ತಗೊಳ್ಳೋದಾ, ಪಿಯು ಸಾಕಾ?

ಪ್ರಾಣಿ ಚರ್ಮ ಬೇಡ ಅನ್ನೋರ ನಿರ್ಧಾರ ಅವರದು, ಅದಕ್ಕೆ ಗೌರವ ಇದೆ. ದುಡ್ಡು ಉಳಿಸೋಕೆ ಪಿಯು ಅನ್ನೋರಿಗೆ ಮಾತ್ರ ಈ ವಿಷಯ ಗೊತ್ತಿರಲಿ. ಪಿಯು ಅಂದ್ರೆ ಪಾಲಿಯುರಿಥೇನ್, ಅದು ಗಾಳಿಯ ತೇವಕ್ಕೆ ನಿಧಾನಕ್ಕೆ ಒಡೆಯತ್ತೆ, ಹೈಡ್ರಾಲಿಸಿಸ್ ಅಂತಾರೆ. ಹಾಕದೆ ಪೆಟ್ಟಿಗೆಯಲ್ಲೇ ಇಟ್ಟಿದ್ರೂ ಆಗತ್ತೆ. ಎಷ್ಟೋ ಜನ ಫಾರಿನ್‌ನಿಂದ ತಂದ ಬೂಟ್ಸ್ ಜೋಪಾನವಾಗಿ ಬೀರುವಲ್ಲಿಟ್ಟು, ಒಂದೆರಡು ಮಳೆಗಾಲ ಕಳೆದು ತೆಗೆದ್ರೆ ಮೇಲ್ಪದರ ಹಪ್ಪಳ ಹಪ್ಪಳವಾಗಿ ಉದುರಿರತ್ತೆ, ಸೋಲ್ ಪುಡಿ ಆಗಿರತ್ತೆ. ಮಲೆನಾಡು, ಕರಾವಳಿಯಲ್ಲಿ ಇದು ಇನ್ನೂ ಬೇಗ. ಪಿಯು ತಗೊಂಡ್ರೆ ಎತ್ತಿಡಬೇಡಿ, ಹಾಕಿ ಓಡಾಡಿ.

ಲೆದರ್ ರಿಪೇರಿ ಆಗತ್ತೆ, ಹಿಗ್ಗತ್ತೆ, ಕಾಲಿಗೆ ಒಗ್ಗತ್ತೆ. ನಾವಿರೋದೂ ಒಳ್ಳೇ ಜಾಗದಲ್ಲೇ, ಬೆಂಗಳೂರು-ಚೆನ್ನೈ ದಾರಿಯ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ದೇಶದ ದೊಡ್ಡ ಚರ್ಮೋದ್ಯಮದ ಊರುಗಳು, ಹೊರದೇಶದ ಅಂಗಡಿಗಳಿಗೆ ಹೋಗೋ ಶೂ, ಬೂಟ್ ಅಲ್ಲಿಂದ ಹೋಗತ್ತೆ. ಬಜೆಟ್ ಕಡಿಮೆ ಇದ್ರೆ ಎರಡು ಜೊತೆ ಪಿಯು ಬದಲು ಒಂದು ಜೊತೆ ಲೆದರ್ ತಗೊಳ್ಳಿ ಅಂತಲೇ ನಾನು ಹೇಳೋದು.

ಮಳೆಗಾಲದಲ್ಲಿ ಬೂಟ್ಸ್‌ಗೆ ಬೂಷ್ಟು ಬರತ್ತೆ. ಹೇಗೆ ಇಡ್ಬೇಕು?

ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯತ್ತೆ. ಹಳೇ ಕಾಟನ್ ಪಂಚೆ ತುಂಡಲ್ಲೋ ದಿಂಬಿನ ಕವರಲ್ಲೋ ಇಡಿ, ಒಳಗೆ ನ್ಯೂಸ್‌ಪೇಪರ್ ಉಂಡೆ ತುಂಬಿ, ಬೂಟಿನ ಮೇಲ್ಭಾಗ ಮಡಚಿ ಬೀಳದ ಹಾಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ತಿಂಗಳಿಗೊಮ್ಮೆ ಗಾಳಿಗೆ ಇಡಿ. ಬೂಷ್ಟು ಬಂದ್ರೆ ಮನೆ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಲೆದರ್ ಕ್ರೀಮ್. ನೆಂದ ಬೂಟನ್ನ ಬಿಸಿಲಿಗೆ, ಹೀಟರ್ ಪಕ್ಕ ಇಟ್ರೆ ಚರ್ಮ ಬಿರಿಯತ್ತೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಅಮ್ಮಂದಿರು ಕೇಳ್ತಾರೆ, ಬೇಡ, ಕಲೆ ಕಲೆಯಾಗಿ ಕಪ್ಪಾಗತ್ತೆ.

ಉಪ್ಪಿನ ಬಿಳೀ ಕಲೆಗೆ ಬಿಳಿ ವಿನೆಗರ್, ನೀರು ಸಮ ಪ್ರಮಾಣ ಬೆರೆಸಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಅವತ್ತೇ ಮಾಡಿ. ಸ್ವೇಡ್ ಮಳೆ, ಹಿಮ ಎರಡಕ್ಕೂ ಆಗಲ್ಲ.

ಸೈಜ್ ಹೇಗೆ?

ನಮ್ಮ ಇಂಡಿಯಾ ನಂಬರ್, ಯುಕೆ ನಂಬರ್ ಸಾಮಾನ್ಯವಾಗಿ ಒಂದೇ. ನಮ್ಮ 5 ಅಂದ್ರೆ ಯುರೋಪಿನ 38, ಅಮೆರಿಕದ ಹೆಂಗಸರ 7ರ ಆಸುಪಾಸು, ಬ್ರ್ಯಾಂಡಿಂದ ಬ್ರ್ಯಾಂಡಿಗೆ ಅರ್ಧ ನಂಬರ್ ಆಚೀಚೆ. ಹೆಬ್ಬೆರಳ ಮುಂದೆ ಒಂದು ಬೆರಳಿನಗಲ ಜಾಗ ಇರಲಿ, ಹಿಮ್ಮಡಿ ಸ್ವಲ್ಪ ಮಾತ್ರ ಏಳಬಹುದು. ಚಪ್ಪಲಿ ಹಾಕಿ ಬೆಳೆದ ನಮ್ಮ ಪಾದ ಮುಂದೆ ಅಗಲ, ಚೂಪು ತುದಿ ಬೂಟ್ಸ್ ಒತ್ತತ್ತೆ ಅನ್ಸಿದ್ರೆ ನಂಬರ್ ಏರಿಸೋದಕ್ಕಿಂತ ವೈಡ್ ಫಿಟ್ ಕೇಳಿ.

ನಮ್ಮ ಅಮ್ಮಂಗೆ 58. ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಬರ್ತಿದಾರೆ. ಸ್ಕರ್ಟ್, ಬೂಟ್ಸ್ ಈ ವಯಸ್ಸಲ್ಲಿ ಬೇಡ ಅಂತಾರೆ.

ಅಮ್ಮನ ಹತ್ರ ಸ್ಕರ್ಟ್ ಅನ್ನಬೇಡಿ, ಉದ್ದ ಲಂಗ ಅನ್ನಿ, ಚಿಕ್ಕಂದಿನಲ್ಲಿ ಅವರು ಹಾಕಿದ್ದೇ ತಾನೇ. ದಪ್ಪ ಬಟ್ಟೆಯ, ಪಾದದ ಗಂಟಿಗೆ ಬರೋ ಉದ್ದದ್ದು, ಸೊಂಟಕ್ಕೆ ಎಲಾಸ್ಟಿಕ್, ಮೇಲೆ ಸ್ವೆಟರ್, ಕೋಟು. ಬೂಟ್ ಫ್ಲಾಟ್ ಇರಲಿ, ಒಳಗೆ ಮೆತ್ತೆ ಇರಲಿ, ಜಿಪ್ ಪೂರ್ತಿ ಕೆಳಗಿನ ತನಕ ತೆರೀಬೇಕು, ಬಗ್ಗಿ ಎಳೆದಾಡೋ ಕಷ್ಟ ಇರಬಾರದು, ಜಿಪ್ ಹಿಡಿಗೆ ಒಂದು ರಿಬ್ಬನ್ ಕಟ್ಟಿಕೊಡಿ, ಹಿಡಿಯೋಕೆ ಸುಲಭ. ಸಕ್ಕರೆ ಕಾಯಿಲೆ ಇದ್ರೆ ಬಿಗಿ ಬೂಟ್ ಬೇಡವೇ ಬೇಡ, ಒಳಗೆ ಉಬ್ಬು ಹೊಲಿಗೆ ಇದೆಯಾ ಅಂತ ಕೈ ಹಾಕಿ ನೋಡಿ, ಬಿಚ್ಚಿದ ಮೇಲೆ ಪಾದ ದಿನಾ ನೋಡ್ಕೊಳ್ಳೋಕೆ ಹೇಳಿ. ಸೀರೇನೇ ಉಡ್ತೀನಿ ಅಂದ್ರೂ ಅದೇ ಬೂಟ್ ಆಗತ್ತೆ. ಜೊತೆಗೆ ಕೂತ್ಕೊಂಡು ಅವರಿಗೆ ಇಷ್ಟವಾದ ಬಣ್ಣ ಆರಿಸೋಕೆ ಬಿಡಿ, ನೀವು ಆರಿಸ್ಬೇಡಿ.

ಸಾಕ್ಸ್ ಬೂಟಿನ ಮೇಲೆ ಕಾಣಬಹುದಾ?

ಲೇಸ್ ಬೂಟ್, ಕೌಬಾಯ್ ಬೂಟಿಗೆ ಗಿಡ್ಡ ಸ್ಕರ್ಟ್ ಹಾಕಿದಾಗ ದಪ್ಪ ಉಣ್ಣೆ ಸಾಕ್ಸ್ ಒಂದು ಇಂಚಿನಷ್ಟು ಕಂಡ್ರೆ ಚೆನ್ನಾಗಿರತ್ತೆ, ಬಣ್ಣ ಬೂಟಿಗೆ ಹತ್ರದ್ದೇ ಇರಲಿ. ಆಫೀಸ್ ಬೂಟ್ಸಲ್ಲಿ ಕಾಣಬಾರದು. ಸ್ಕರ್ಟ್ ಮುಚ್ಚೋ ಉದ್ದದ್ದಾದ್ರೆ ಒಳಗೆ ನಿಮಗೆ ಯಾವುದು ಬೆಚ್ಚಗಿರತ್ತೋ ಅದನ್ನ ಹಾಕ್ಕೊಳ್ಳಿ.